ಅಪ್ಪ ಹೇಳಿದ್ದ ಚಪ್ಪಟೆ ಮೂತಿಯ ತೋಟಾ

ನಿನ್ನ ಬಲಗೈಯ ಎರಡು ಬೆರಳು ಇವತ್ತು ಮಡಿಸಲಾಗದೆ ಇರುವುದಕ್ಕೆ ನಾನು ಕಾರಣ, ಶೈಲಾ. ಕಬ್ಬಿಣದ ಸಲಾಕೆ ಬೀಸಿದವನು ಯಾರೋ — ಅವನ ಪಾಲಿನ ಪಾಪ ಅವನಿಗೆ. ಆದರೆ ನಿನ್ನ ಕೈಯಲ್ಲಿದ್ದ ಆ ಪುಟ್ಟ ರಿವಾಲ್ವರ್ ಮೂರನೆಯ ಸಲ ಯಾಕೆ ಸುಮ್ಮನಾಯಿತು ಎಂಬುದು ನನಗೆ ಗೊತ್ತು. ಹಾಗಾಗಬಹುದು ಎಂದು ಮೊದಲೇ ಗೊತ್ತಿತ್ತು. ನಿನಗೆ ಹೇಳು ಎಂದು ಅಪ್ಪ ನನ್ನ ಹತ್ತಿರ ಹೇಳಿ ಕಳಿಸಿದ್ದರು. ನಾನು ಹೇಳಲಿಲ್ಲ.

ನೀನು ಇಷ್ಟು ಕಾಲ ಅಪ್ಪನನ್ನು ಕ್ಷಮಿಸಿಕೊಂಡು ಬಂದಿದ್ದೀಯ. ನೀನು ಕ್ಷಮಿಸಬೇಕಾಗಿದ್ದವರು ಅವರಲ್ಲ.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಓದುವ ಬೇರೆಯವರಿಗೂ ತಿಳಿಯಲಿ ಎಂದು. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಆ ದಿನದ ಬೆಳಿಗ್ಗೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಎಲ್ಲಾದರೂ ಕೆಟ್ಟತನದ ಒಂದು ಗುರುತು ಸಿಗುತ್ತದೆಯೇ ಎಂದು. ಸಿಗುವುದಿಲ್ಲ. ಪರದೇಶದ ಈ ಲೂಕನ್ ಊರಿನ ನಮ್ಮ ಮನೆಯ ಬೇರೆಲ್ಲ ಬೆಳಿಗ್ಗೆಗಳ ಹಾಗೇ ಅದೂ ಇತ್ತು. ಎದ್ದು ಬಿಸಿನೀರಿನ ಸ್ವಿಚ್ ಹಾಕಿದೆ. ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಕೂತಿದ್ದ ತೇವವನ್ನು ಬಟ್ಟೆಯಿಂದ ಒರೆಸಿದೆ. ಮಗಳು ಅದಿತಿಯ ಡಬ್ಬಿಗೆ ಚಪಾತಿಗೆ ಜ್ಯಾಮ್ ಸವರಿ ಸುತ್ತಿ ಇಟ್ಟೆ. "ಶಾಲೆಗೆ ಹೊತ್ತಾಯ್ತು ಕಣೇ" ಅಂದರೆ "ಐಮ್ ಗ್ರ್ಯಾಂಡ್, ಮಮ್" ಎಂದು ಇಲ್ಲಿನವರ ಹಾಗೇ ಅಂದಳು, ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು. ನನ್ನ ಗಂಡ ಶ್ರೀಧರ ಮಹಡಿಯ ರೂಮಿನಲ್ಲಿ ಆಫೀಸಿನ ಮೀಟಿಂಗಿಗೆ ಕೂತಿದ್ದರು. ನಾನು ಬೇಳೆ ಬೇಯಲಿಟ್ಟೆ. ನೀನು ಕಿಲ್ಕೆನ್ನಿಯ ಆಸ್ಪತ್ರೆಯ ಸರ್ಜನ್ ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಹೊರಟಿದ್ದೆ. ಸಂಜೆಯ ವಿಮಾನ. ಮಧ್ಯಾಹ್ನ ನಮ್ಮಲ್ಲಿ ಊಟ. ನಿನಗಿಷ್ಟ ಎಂದು ಫ್ರೀಜರಿನಿಂದ ನುಗ್ಗೆಕಾಯಿ ತೆಗೆದು ಹೊರಗಿಟ್ಟಿದ್ದೆ. ಇಂಗಿನ ಒಗ್ಗರಣೆ ಸಿಡಿದದ್ದೇ ಹೊಗೆಯ ಅಲಾರಂ ಕೂಗಿಕೊಂಡಿತು. ಸ್ಟೂಲ್ ಹತ್ತಿ ಟವೆಲ್ ಬೀಸಿ ಅದನ್ನು ಸುಮ್ಮನಾಗಿಸುತ್ತಿದ್ದಾಗ ಅಪ್ಪನ ಫೋನ್ ಬಂತು.

ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಪರದೆಯ ತುಂಬ ಅಪ್ಪನ ಹಣೆ.

"ಅಪ್ಪ, ಫೋನ್ ಸ್ವಲ್ಪ ಕೆಳಗೆ ಹಿಡೀರಿ."

"ಮಗಳು ಬರ್ತಿದಾಳಾ ಊಟಕ್ಕೆ?"

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಮಗಳು ನಾನೇ ಅಲ್ಲವೇ? ಆಮೇಲೆ ತಿಳಿಯಿತು — ಅವರು ಕೇಳುತ್ತಿದ್ದದ್ದು ನಿನ್ನನ್ನು. ಕೆಲವು ತಿಂಗಳಿಂದ ನೀನು ಅವರಿಗೆ "ಮಗಳು" ಆಗಿದ್ದೆ. ನಾನು ಹುಟ್ಟಿದಾಗಿನಿಂದ ಬರೀ "ಪುಟ್ಟಿ".

ಇಲ್ಲಿನವರಿಗೆ ನಮ್ಮಪ್ಪನಿಗೆ ಮೈಸೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು ಎಂದೇ ಹೇಳಿಕೊಂಡು ಬಂದಿದ್ದೇನೆ. ಪಕ್ಕದ ಮನೆಯ ಬ್ರೀಡಾ ಕೇಳಿದಾಗಲೂ ಹಾಗೇ ಹೇಳಿದೆ. ಪೊಲೀಸರೇ ಬರಿಗೈಯಲ್ಲಿ ಓಡಾಡುವ ಈ ಊರಿನಲ್ಲಿ ಅಪ್ಪ ಕೋವಿ, ತೋಟಾ ಮಾರುತ್ತಿದ್ದರು ಅಂದರೆ ಯಾರು ಏನಂದುಕೊಂಡಾರು? ನಿನಗೊಬ್ಬಳಿಗೆ ನಿಜ ಹೇಳಿದ್ದೆ. ಕ್ಲಾಂಡಾಲ್ಕಿನ್ನಿನ ಸಮುದಾಯ ಭವನದಲ್ಲಿ ಕನ್ನಡದವರ ಯುಗಾದಿ ಊಟದ ದಿನ ಮೊದಲ ಸಲ ಸಿಕ್ಕವಳಿಗೆ, ಕೋಸಂಬರಿ ಬಡಿಸುತ್ತಾ ಬಡಿಸುತ್ತಾ ಹೇಳಿಬಿಟ್ಟಿದ್ದೆ. ನೀನು ಬೆಚ್ಚಿಬೀಳಲಿಲ್ಲ. "ಅಯ್ಯೋ, ಎಷ್ಟು ಚೆನ್ನಾಗಿದೆ! ನೀನೂ ಹೊಡೀತೀಯಾ?" ಅಂದೆ. ಆ ಪ್ರಶ್ನೆಯನ್ನು ಜೀವನದಲ್ಲಿ ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ಆ ದಿನ ನಿನ್ನನ್ನು ಎಷ್ಟು ಪ್ರೀತಿಸಿದೆ —

ಇಲ್ಲ, ನಾನು ಹೊಡೆದವಳಲ್ಲ. ಅಪ್ಪ ಬಿಡಲಿಲ್ಲ. ಶಾಲೆಯಿಂದ ಬಂದು, ನೀಲಿ ಪಿನಫೋರ್ ಬದಲಿಸದೇ, ಅಂಗಡಿಯ ಹಿಂದಿನ ಪರದೆಯ ಬಳಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಪರದೆ ದಾಟಿ ಕೌಂಟರಿನ ಈಚೆ ಬರಬಾರದು. "ಕಾನ್ವೆಂಟ್ ಹುಡುಗಿ, ನಿನಗ್ಯಾಕೆ ಈ ಮದ್ದಿನ ವಾಸನೆ" ಅನ್ನುತ್ತಿದ್ದರು. ಈಚೆ ಬರುವ ಹಕ್ಕು ತಮ್ಮ ಸುರೇಶನದು, ಅವನಿಗೆ ಬೇಕಿರಲಿಲ್ಲ. ನಾನು ಪರದೆಯ ಸಂದಿಯಿಂದ ನೋಡಿ ಕಲಿತೆ. ಯಾವ ತೋಟಾ ಯಾವುದಕ್ಕೆ, ಯಾವುದರ ಮೂತಿ ಚೂಪು, ಯಾವುದರದ್ದು ಚಪ್ಪಟೆ. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ಗಿರಾಕಿಯ ಕೈ ನೋಡುವ ರೀತಿ.

ರಿವಾಲ್ವರ್ ಕೊಳ್ಳಲು ಬಂದವರು ಎಷ್ಟೇ ದೊಡ್ಡವರಾಗಿರಲಿ, ಅಪ್ಪ ಮೊದಲು ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸುತ್ತಿದ್ದರು. "ಕೈ ಇಡಿ ಸ್ವಾಮಿ" ಅನ್ನುತ್ತಿದ್ದರು. ಅಂಗೈ ಅಗಲ ನೋಡಿ, ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಕೊನೆಗೆ ತಮ್ಮ ತೋರುಬೆರಳು ಕೊಟ್ಟು "ಹಿಸುಕಿ" ಅನ್ನುತ್ತಿದ್ದರು. ಆಮೇಲೇ ತೋಟಾದ ಮಾತು. ಕೆಲವರು ನಗುತ್ತಿದ್ದರು. "ಏನ್ರೀ, ಬಳೆಗಾರನ ಹತ್ರ ಬಂದ್ನಾ ನಾನು?" ಎಂದು ಒಬ್ಬ ಪ್ಲಾಂಟರ್ ಕೇಳಿದ್ದು ನೆನಪಿದೆ. "ಬಳೆ ಒಡೆದ್ರೆ ಇನ್ನೊಂದು ಸಿಗುತ್ತೆ ಸ್ವಾಮಿ" ಅಂದಿದ್ದರು ಅಪ್ಪ.

ಆ ಪುಟ್ಟ ರಿವಾಲ್ವರ್ ಅಂಗಡಿಗೆ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಯಾರೋ ವಿದೇಶದಿಂದ ತಂದು, ಕೊನೆಗಾಲದಲ್ಲಿ ಮಾರಿ ಹೋದದ್ದು. ಮೋಟು ನಳಿಕೆ, ಐದು ತೋಟಾ, ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅಪ್ಪ ಇಲ್ಲದ ಹೊತ್ತಿನಲ್ಲಿ ಒಮ್ಮೆ ಹಿಡಿದಿದ್ದೆ. ಗಿರಾಕಿಗಳು ಕೇಳಿದರೆ ಅಪ್ಪ "ಅದು ಮಾರೋದಲ್ಲ" ಅನ್ನುತ್ತಿದ್ದರು. ಯಾರಿಗಾಗಿ ಇಟ್ಟಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬೇರೆ ಬಂದರೆ? ನನಗೇ ಎಂದು ಅಂದುಕೊಂಡೇ ಬೆಳೆದೆ. ಲೈಸೆನ್ಸ್ ಇಲ್ಲದ, ಬೇಕಾಗಿಯೂ ಇಲ್ಲದ ನಾನು — ಆದರೂ ಅದು ನನ್ನದು.

ಅದನ್ನು ಅವರು ನಿನಗೆಂದು ಎತ್ತಿಟ್ಟರು.

ಸರಿಯಾದದ್ದನ್ನೇ ಮಾಡಿದರು. ಹುಣಸೂರಿನ ಬಳಿ ನೀನು ಆಸ್ಪತ್ರೆ ತೆರೆಯಲಿದ್ದ ಜಾಗದ ಮೇಲೆ ಕಣ್ಣಿಟ್ಟವರು, ನೀನು ರಜೆಗೆ ಊರಿಗೆ ಹೋಗಿದ್ದಾಗ, ಎರಡು ಸಲ ಬಂದು ಬೆದರಿಸಿದ್ದರು. ನಿನಗೆ ಲೈಸೆನ್ಸ್ ಸಿಕ್ಕಿತ್ತು. ಅಪ್ಪನಿಗೆ ಬೈಪಾಸ್ ಬೇಕೆಂದಾಗ ಒಪ್ಪದೆ ಹಟ ಹಿಡಿದಿದ್ದವರನ್ನು, ನನ್ನ ಫೋನಿನಲ್ಲೇ, ನನ್ನ ಅಡುಗೆಮನೆಯಲ್ಲೇ ಕೂತು, ಹೃದಯದ ಚಿತ್ರ ಬರೆದು ತೋರಿಸಿ ಒಪ್ಪಿಸಿದವಳು ನೀನು. ನಾನು ಅತ್ತರೂ ಒಪ್ಪಿರಲಿಲ್ಲ. ಅದಾದ ಮೇಲೆ ಅವರು ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು ನಿನ್ನನ್ನೇ. ನಾನು ತಟ್ಟೆ ತೊಳೆಯುತ್ತಾ, ನೀವಿಬ್ಬರೂ ನಳಿಕೆಯ ಉದ್ದ, ಟ್ರಿಗರಿನ ಬಿಗಿ ಎಂದೆಲ್ಲ ಮಾತಾಡುವುದನ್ನು ಕೇಳುತ್ತಿದ್ದೆ. ಮತ್ತೆ ಪರದೆಯ ಹಿಂದೆಯೇ ಕೂತ ಹಾಗೆ.

ಇನ್ನೂ ಒಂದಿದೆ. ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ನಾನು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ಅದಿತಿ, ನಿನಗೆ ಮಾತ್ರ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ತಪ್ಪು ತಪ್ಪಾಗಿ, ನಗುತ್ತಾ. "ಶೈಲಾ ಆಂಟಿ, ನೀವು ಬರ್ತೀಯಾ?" ಎಂದು. ಅದು ಕಿವಿಗೆ ಬಿದ್ದ ದಿನ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಆ ಬೆಳಿಗ್ಗೆಯ ಫೋನಿಗೆ ಬರುತ್ತೇನೆ. ಅಪ್ಪನನ್ನು ಅವತ್ತು ಸಂಜೆ ಆಸ್ಪತ್ರೆಗೆ ಸೇರಿಸುವುದಿತ್ತು, ಮರುದಿನ ಆಪರೇಷನ್. ನೀನು ಮೈಸೂರು ಮುಟ್ಟುವ ಹೊತ್ತಿಗೆ ಅವರಿಗೆ ಎಚ್ಚರ ಇರುವುದಿಲ್ಲ; ರಿವಾಲ್ವರ್, ತೋಟಾ ಎಲ್ಲ ಸುರೇಶನಿಂದ ಪಡೆದುಕೊಳ್ಳಬೇಕು. ಅದಕ್ಕೇ ಅವರು ಕೂತು ಹೇಳಿದರು.

"ಪುಟ್ಟಿ, ಸರಿಯಾಗಿ ಕೇಳಿಸ್ಕೋ. ಆ ರಿವಾಲ್ವರ್ ಹಗುರ. ಹಗುರ ಅಂದ್ರೆ ಬ್ಯಾಗಲ್ಲಿ ಇಟ್ಕೊಳ್ಳೋಕೆ ಸುಖ, ಹೊಡೆಯೋವಾಗ ಕಷ್ಟ. ಒದೆತ ತಡೆಯೋಕೆ ಅದರಲ್ಲಿ ತೂಕ ಇಲ್ವಲ್ಲ, ಎಲ್ಲಾ ಕೈಗೇ ಬರುತ್ತೆ. ಅಂಥದ್ದಕ್ಕೆ ಕೆಂಪು ಡಬ್ಬಿ ಬಿರುಸಿನ ತೋಟಾ ಹಾಕಿದ್ರೆ ಏನಾಗುತ್ತೆ? ಒಂದು ಹಾರಿಸಿದಾಗ ಮಿಕ್ಕಿದ್ದಕ್ಕೂ ಏಟು ಬೀಳುತ್ತೆ. ಹಿತ್ತಾಳೆ ಚಿಪ್ಪಿನಿಂದ ಗುಂಡು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತೆ. ಮೂತಿ ಹೊರಗೆ ಬಂತೋ, ಸಿಲಿಂಡರ್ ತಿರುಗಲ್ಲ. ಆಮೇಲೆ ಅದು ಕೈಯಲ್ಲಿರೋ ಕಲ್ಲು."

"ಗೊತ್ತು ಅಪ್ಪ" ಅಂದೆ.

"ನಿಂಗೆ ಹೇಗೆ ಗೊತ್ತು? ಕಾನ್ವೆಂಟಲ್ಲಿ ಹೇಳ್ಕೊಟ್ರಾ?" ಅಪ್ಪ ನಕ್ಕರು. ನಾನೂ ನಕ್ಕೆ. 

"ನಳಿಕೆ ಬೇರೆ ಮೋಟು. ಬಿರುಸಿನ ಮದ್ದು ಪೂರ್ತಿ ಉರಿಯೋಕೆ ಮೊದಲೇ ಗುಂಡು ಆಚೆಗೆ. ಮಿಕ್ಕಿದ್ದೆಲ್ಲಾ ಬರೀ ಬೆಂಕಿ, ಸದ್ದು. ಬಿಳಿ ಡಬ್ಬಿದು ಕೊಡೋದು ವಾಸಿ — ಚಪ್ಪಟೆ ಮೂತಿ, ಮೆತ್ತಗಿನ ಸೀಸ. ನೋಡೋಕೆ ಸಪ್ಪೆ. ಆದ್ರೆ ಐದಕ್ಕೆ ಐದೂ ಹಾರುತ್ತೆ, ಹೇಳಿದ ಕಡೆ ಹೋಗುತ್ತೆ. ದಪ್ಪ ಕೈಯವರು ಗಟ್ಟಿಯಾಗಿ ಹಿಡಿದ್ರೆ ಕೆಂಪು ಡಬ್ಬಿನೂ ಹೇಗೋ ನಡೆಸ್ತಾರೆ. ಚಿಕ್ಕ ಕೈ ಆಗಿದ್ರೆ ಬೇಡವೇ ಬೇಡ. ಈ ಫೋನಲ್ಲಿ ನಂಗೆ ಅವಳ ಕೈ ಗೊತ್ತಾಗಲ್ಲ. ನನ್ನ ಬದಲು ನೀನು ನೋಡು. ನೋಡಿ, ನೀನೇ ತೀರ್ಮಾನ ಮಾಡಿ ಅವಳಿಗೆ ಹೇಳು. ಸುರೇಶ ಜೋರಾಗಿರೋದೇ ಒಳ್ಳೇದು ಅನ್ನೋನು. ಅವನ ಕೈಗೆ ಬಿಡಬೇಡ."

ನನ್ನ ಬದಲು ನೀನು ನೋಡು. ಶೈಲಾ, ಜೀವನದಲ್ಲಿ ಮೊದಲ ಸಲ ಅಪ್ಪ ನನ್ನನ್ನು ಕೌಂಟರಿನ ಈಚೆಗೆ ಕರೆದಿದ್ದರು. ಯಾವುದಕ್ಕಾಗಿ ಕಾನ್ವೆಂಟಿನ ಪಿನಫೋರಿನಲ್ಲಿ ಅಷ್ಟು ವರ್ಷ ಪರದೆ ಹಿಡಿದು ಕೂತಿದ್ದೆನೋ, ಅದನ್ನು ಕೊನೆಗೂ ಕೊಟ್ಟರು — ಆದರೆ ನಿನಗಾಗಿ ಕೊಟ್ಟರು. ಇದೇ ಕೆಲಸವನ್ನು ಬೇರೆ ಯಾರ ಸಲುವಾಗಿ ಹೇಳಿದ್ದರೂ ನಾನು ಕುಣಿದಾಡಿಬಿಡುತ್ತಿದ್ದೆ.

"ಸರಿ ಅಪ್ಪ" ಅಂದೆ. "ಹುಷಾರಾಗಿ ಹೋಗಿ ಬನ್ನಿ."

ಮಧ್ಯಾಹ್ನ ನೀನು ಬಂದೆ. ಕೈತುಂಬ ಟ್ಯೂಲಿಪ್ ಹೂ, ಅದಿತಿಗೆ ಬಣ್ಣದ ಪೆನ್ನು. ಶ್ರೀಧರ ನಾನು ಕೇಳದೇ ಒಳ್ಳೆಯ ಗಾಜಿನ ಲೋಟ ಇಳಿಸಿದರು. ಅವು ನನ್ನ ಹುಟ್ಟುಹಬ್ಬಕ್ಕೂ ಕೆಳಗೆ ಬಂದಿರಲಿಲ್ಲ. ಹುಳಿ ಚೆನ್ನಾಗಿದೆ ಎಂದು ನೀನು ಎರಡು ಸಲ ಹಾಕಿಸಿಕೊಂಡೆ. ನುಗ್ಗೆಕಾಯಿ ಅಗಿಯುತ್ತಾ, ನಗುತ್ತಾ, ಏನೂ ಕಪಟವಿಲ್ಲದೆ ನೀನು ಹೇಳಿದ ಮಾತು ನಿನಗೆ ನೆನಪಿರಲಾರದು.

"ಏ ವಾಸಂತಿ, ನಿಮ್ಮಪ್ಪ ಮೊನ್ನೆ ಏನಂದ್ರು ಗೊತ್ತಾ? 'ನಿನ್ನ ಹಾಗೆ ಕೈ ನಡುಗದ ಮಗಳು ಒಬ್ಬಳು ಇದ್ದಿದ್ರೆ ಅಂಗಡಿ ಅವಳಿಗೇ ಬರೆದುಕೊಡ್ತಿದ್ದೆ' ಅಂದ್ರು! ನಾನಂದೆ, ಅಂಕಲ್, ಈಗಲೂ ಲೇಟಾಗಿಲ್ಲ, ಸರ್ಜರಿ ಬಿಟ್ಟು ಬಂದ್ಬಿಡ್ತೀನಿ ಅಂತ."

ಶ್ರೀಧರ ಜೋರಾಗಿ ನಕ್ಕರು. ನಾನು ನಿನ್ನ ತಟ್ಟೆಗೆ ತುಪ್ಪ ಹಾಕುತ್ತಿದ್ದೆ. ಚಮಚ ನಡುಗಲಿಲ್ಲ, ಶೈಲಾ. ಅದು ನನಗೆ ಚೆನ್ನಾಗಿ ನೆನಪಿದೆ. ನನ್ನ ಕೈಯೂ ನಡುಗಲಿಲ್ಲ.

ಊಟವಾದ ಮೇಲೆ ನಿನ್ನನ್ನು ದೇವರ ಮುಂದೆ ಕೂರಿಸಿ ಕುಂಕುಮ ಕೊಟ್ಟೆ. ಹೊರಟವಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಬ್ಲೌಸ್ ಪೀಸು, ತೆಂಗಿನಕಾಯಿ, ಒಂದು ಡಜನ್ ಹಸಿರು ಗಾಜಿನ ಬಳೆ. ನನ್ನ ಅಳತೆಯವು. ತೊಡಿಸಿದರೆ ನಿನ್ನ ಕೈಯಲ್ಲಿ ನಿಲ್ಲಲಿಲ್ಲ. ಮೊಣಕೈವರೆಗೆ ಜಾರಿ ಮತ್ತೆ ಝಲ್ಲನೆ ಕೆಳಗೆ ಬಂದವು. "ನಿನ್ನ ಕೈ ಇಷ್ಟು ಚಿಕ್ಕದಾ?" ಅಂದೆ. "ಆಸ್ಪತ್ರೇಲೂ ನಂಗೆ ಎಲ್ಲಕ್ಕಿಂತ ಸಣ್ಣ ಗ್ಲೌಸೇ ತರಿಸೋದು ಕಣೇ" ಅಂದೆ ನೀನು. ಕೊನೆಗೆ ಅದಿತಿಯ ಹಬ್ಬದ ಬಳೆಗಳನ್ನು ತಂದೆ. ಹನ್ನೊಂದು ವರ್ಷದ ಹುಡುಗಿಯ ಬಳೆ, ನಿನ್ನ ಕೈಗೆ ಸೋಪಿಲ್ಲದೆ, ಒಂದೂ ಒಡೆಯದೆ, ಸರಾಗವಾಗಿ ಏರಿ ಮಣಿಕಟ್ಟಿನಲ್ಲಿ ಕೂತವು. ತೊಡಿಸುವಾಗ ನಿನ್ನ ಐದೂ ಬೆರಳನ್ನು ಒಟ್ಟಿಗೆ ನನ್ನ ಮುಷ್ಟಿಯಲ್ಲಿ ಹಿಡಿದಿದ್ದೆ.

ಅಪ್ಪ ತಮ್ಮ ಹಸಿರು ಬಟ್ಟೆಯ ಮೇಲೂ ಯಾರ ಕೈಯನ್ನೂ ಇಷ್ಟು ಸರಿಯಾಗಿ ಅಳೆದಿರಲಾರರು.

ಆಗಲೇ ನೀನು ಕೇಳಿದೆ — ನಾನು ಮರೆತೆ ಎಂದು ಹೇಳಿಕೊಳ್ಳಲು ದಾರಿಯೇ ಇರದ ಹಾಗೆ, ನೀನಾಗಿಯೇ ಕೇಳಿದೆ.

"ತೋಟಾ ವಿಷಯ ನಿಮ್ಮಪ್ಪ ಏನಾದ್ರೂ ಹೇಳಿದ್ರಾ? ನಂಗೆ ಹೇಳ್ತೀನಿ ಅಂದಿದ್ರು."

"ಏನೂ ಹೇಳ್ಲಿಲ್ಲ. ಸುರೇಶ ಕೊಟ್ಟಿದ್ದು ತಗೋ."

ಅಷ್ಟೇ. ಎರಡು ಸಣ್ಣ ವಾಕ್ಯ. ನಿನಗೆ ಕೇಡಾಗಲಿ ಎಂದು ಬಯಸಿದೆನೇ? ಇಲ್ಲ ಎಂದು ದೇವರ ಮುಂದೆ ಹೇಳಬಲ್ಲೆ. ಬಯಸಿದ್ದು ಬೇರೆ, ಅದಕ್ಕಿಂತ ಸಣ್ಣದು. ನೀನು ಒಮ್ಮೆ ತಪ್ಪಬೇಕು. ಕೈ ನಡುಗದ ಮಗಳ ಕೈ ಒಮ್ಮೆ ಚೆನ್ನಾಗಿ ನೋಯಬೇಕು. ರಿವಾಲ್ವರ್ ಹಿಡಿಯಲಾರೆ ಎಂದು ನೀನು ಅಪ್ಪನಿಗೆ ವಾಪಸು ಕೊಡಬೇಕು, ಅದು ಮತ್ತೆ ಹಸಿರು ಬಟ್ಟೆಗೆ ಹೋಗಬೇಕು. ಅಷ್ಟನ್ನೇ — ಇದನ್ನು "ಅಷ್ಟೇ" ಎಂದು ನಾನು ಎಷ್ಟು ವರ್ಷ ಹೇಳಿಕೊಂಡೆ!

ಆಮೇಲೆ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕನೆಯ ದಿನ ನೀನು ಮೈಸೂರಿನಿಂದ ಫೋಟೋ ಕಳಿಸಿದೆ: ಅಪ್ಪನ ಹಾಸಿಗೆಯ ಪಕ್ಕ ನೀನು, ಅವರ ಕೈ ನಿನ್ನ ಕೈಯಲ್ಲಿ, ನಿನ್ನ ಮಣಿಕಟ್ಟಿನಲ್ಲಿ ನನ್ನ ಮಗಳ ಬಳೆ. ನಾನು ಇಲ್ಲಿ ಇಸ್ತ್ರಿ ಮಾಡುತ್ತಾ ನಿಂತಿದ್ದೆ. ಆ ಫೋಟೋದಲ್ಲಿ ನನಗೆ ಜಾಗವೇ ಇರಲಿಲ್ಲ. "ಅಪ್ಪ ಹುಷಾರು, ಆದ್ರೆ ನೆನಪು ಸ್ವಲ್ಪ ಹಿಂದುಮುಂದು ಆಗ್ತಿದೆ, ಇಂಥ ಆಪರೇಷನ್ ಆದ್ಮೇಲೆ ಕೆಲವರಿಗೆ ಹಾಗಾಗುತ್ತೆ, ಗಾಬರಿಯಾಗಬೇಡ" ಎಂದು ಜೊತೆಗೆ ನೀನು ಬರೆದಿದ್ದೆ. ನಾನು ಕೈ ಮುಗಿದ ಇಮೋಜಿ ಒಂದನ್ನು ಕಳಿಸಿದೆ.

ಇನ್ನೊಂದು ಸಲವೂ ದೇವರು ನನಗೆ ಬಾಗಿಲು ತೆರೆದ. ಕೆಲವು ವಾರ ಕಳೆದು ನೀನು ಕೆಂಪಾದ ಅಂಗೈಯ ಫೋಟೋ ಕಳಿಸಿದೆ. "ನಿಮ್ಮಪ್ಪನ ರಿವಾಲ್ವರ್ ಕತ್ತೆ ಥರ ಒದೆಯುತ್ತೆ ಮಾರಾಯ್ತಿ! ಎರಡು ಹೊಡೆದು ಸಾಕು ಅಂತ ಬಿಟ್ಟೆ. ಸುರೇಶ ಸ್ಪೆಷಲ್ ಅಂತ ಕೆಂಪು ಡಬ್ಬಿ ಕೊಟ್ಟಿದ್ದಾನೆ." ಮೂರನೆಯದನ್ನು ಹೊಡೆದಿದ್ದರೆ ನಿನಗೇ ತಿಳಿದುಬಿಡುತ್ತಿತ್ತೇನೋ. ನಾನು ಓದಿದೆ. ಫೋನನ್ನು ದೊಡ್ಡದು ಮಾಡಿ ಅಂಗೈ ನೋಡಿದೆ. ಹೆಬ್ಬೆರಳಿನ ಬುಡ ಬಾತುಕೊಂಡಿತ್ತು. ನನಗೆ — ಬರೆದೇಬಿಡುತ್ತೇನೆ — ಹಾಯೆನಿಸಿತು. ನಗುವ ಮುಖವೊಂದನ್ನು ಒತ್ತಿ ಕಳಿಸಿದೆ.

ಜಾಗಕ್ಕೆ ಕಣ್ಣಿಟ್ಟಿದ್ದವರು ಬಂದದ್ದು ಆ ಮಳೆಗಾಲದಲ್ಲಿ. ನಿನ್ನ ಆಸ್ಪತ್ರೆಯ ಗೇಟಿನಲ್ಲಿ, ಸಂಜೆಯ ರೋಗಿಗಳೆಲ್ಲ ಹೋದ ಮೇಲೆ, ಇಬ್ಬರು. ನೀನು ಬ್ಯಾಗಿನಿಂದ ರಿವಾಲ್ವರ್ ತೆಗೆದೆ. ಮೊದಲನೆಯದನ್ನು ನೆಲಕ್ಕೆ ಹಾರಿಸಿದೆ, ಹೆದರಲಿ ಎಂದು. ಎರಡನೆಯದು ಕೈ ಎಗರಿ ಎಲ್ಲೋ ಹೋಯಿತು. ಮೂರನೆಯ ಸಲ ಟ್ರಿಗರ್ ಒತ್ತಿದರೆ ಅಲ್ಲಾಡಲಿಲ್ಲ. ಅವರಲ್ಲೊಬ್ಬ ಸಲಾಕೆ ಬೀಸಿದ್ದು ಆ ಕೈಗೇ. ಜೀವ ಉಳಿಯಿತು. ಸೂಜಿ ಹಿಡಿದು ಹೊಲಿಯುವ ಕೈ ಉಳಿಯಲಿಲ್ಲ. ಈಗ ಮೈಸೂರಿನಲ್ಲಿ ಹುಡುಗರಿಗೆ ಪಾಠ ಮಾಡುತ್ತೀಯ, ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೀಯ.

ಸುರೇಶ ರಿವಾಲ್ವರ್ ಬಿಚ್ಚಿ ನೋಡಿದಾಗ ಉಳಿದ ತೋಟಾಗಳಲ್ಲೊಂದರ ಗುಂಡು ಚಿಪ್ಪಿನಿಂದ ಮುಂದಕ್ಕೆ ಬಂದು ಸಿಕ್ಕಿಹಾಕಿಕೊಂಡಿತ್ತು. ಅವನು ಅದನ್ನು ಅಪ್ಪನ ಅಂಗೈಯಲ್ಲಿಟ್ಟನಂತೆ. ಅಪ್ಪ ಅದೇ ಗಳಿಗೆಯಲ್ಲಿ ನನಗೆ ಫೋನ್ ಮಾಡಿದರು.

"ಪುಟ್ಟಿ, ಅವತ್ತು ನಾನು ನಿಂಗೆ ಹೇಳಿದ್ನಲ್ಲ? ಕೈ ನೋಡು, ಚಪ್ಪಟೆ ಮೂತಿದು ಕೊಡಿಸು ಅಂತ? ಹೇಳಿದ ಹಾಗೆ ನೆನಪು. ಆದ್ರೆ ಈ ಆಪರೇಷನ್ ಆದ್ಮೇಲೆ ನನ್ನ ತಲೆ... ಹೇಳಿದ್ನೋ ಇಲ್ವೋ, ನೀನೇ ಹೇಳು."

ಇಲ್ಲಿಯವರೆಗೆ ಬರೆದದ್ದು ನಿನಗೆ ಮಾಡಿದ್ದು. ಇದು ಅವರಿಗೆ ಮಾಡಿದ್ದು.

"ಇಲ್ಲ ಅಪ್ಪ" ಅಂದೆ. "ನೀವು ಹೇಳ್ಲಿಲ್ಲ."

 "ಹೌದಾ" ಅಂದರು ಅಪ್ಪ. ಮಕ್ಕಳು ತಪ್ಪು ಸಿಕ್ಕಿಬಿದ್ದಾಗ ಅನ್ನುತ್ತಾರಲ್ಲ, ಆ ದನಿಯಲ್ಲಿ. "ಹೌದಾ... ಹಾಗಾದ್ರೆ ನಾನು ಬರೀ ಅಂದ್ಕೊಂಡಿದ್ದೆ ಅನ್ಸುತ್ತೆ."

ಅವರು ನಿನ್ನ ವಾರ್ಡಿಗೆ ಬಂದು ಎರಡೂ ಕೈ ಜೋಡಿಸಿ ನಿಂತದ್ದನ್ನು ನನಗೆ ತಿಳಿಸಿದವಳು ನೀನೇ. "ಅಷ್ಟು ವಯಸ್ಸಾದವರು ನಂಗೆ ಕೈ ಮುಗಿದ್ರು ಕಣೇ, ತಡೆಯೋಕಾಗ್ಲಿಲ್ಲ" ಎಂದು ಅತ್ತೆ. ನಾನು "ಅಯ್ಯೋ" ಅಂದೆ. ಆಮೇಲೆ ಅಪ್ಪ ಅಂಗಡಿಗೆ ಹೋಗಲಿಲ್ಲ. ತಮ್ಮ ನೆನಪನ್ನೇ ನಂಬಲಿಲ್ಲ. ಗ್ಯಾಸ್ ಆರಿಸಿದ್ದೀನಾ ಎಂದು ಮತ್ತೆ ಮತ್ತೆ ಎದ್ದು ಹೋಗಿ ನೋಡುತ್ತಿದ್ದರಂತೆ. ಊಟ ಮಾಡಿ ಕೈ ತೊಳೆದ ಮೇಲೆ, "ನಂದು ಊಟ ಆಯ್ತಾ?" ಎಂದು ಸುರೇಶನ ಹೆಂಡತಿಯನ್ನು ಕೇಳುತ್ತಿದ್ದರಂತೆ. ನೆನಪಿದ್ದರೂ ಕೇಳುತ್ತಿದ್ದರು — ನೆನಪಿದೆ ಎಂಬುದರ ಮೇಲೆ ನಂಬಿಕೆ ಹೋಗಿತ್ತು. ಹೋದ ವರ್ಷ ತೀರಿಕೊಂಡರು. ಹಾಗೆಯೇ, ತಾನೊಬ್ಬ ಮರೆಗುಳಿ, ತನ್ನ ಮರೆವಿನಿಂದ ಒಂದು ಕೈ ಹೋಯಿತು ಎಂದು ಅಂದುಕೊಂಡೇ.

ಮೈಸೂರಿನ ಆ ಬೀದಿಯಲ್ಲಿ ಈಗಲೂ ಹಾಗೇ ಮಾತಾಡುತ್ತಾರಂತೆ. ಕೈ ನೋಡದೆ ತೋಟಾ ಕೊಡದ ಮನುಷ್ಯ ಕೊನೆಗೆ ತಪ್ಪಿದರು, ವಯಸ್ಸಾಯಿತು ನೋಡಿ, ಎಂದು. ಸುರೇಶನೂ ಹಾಗೇ ಹೇಳುತ್ತಾನೆ, ಪ್ರೀತಿಯಿಂದಲೇ. ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ನಿನ್ನ ಕೈಗೂ ಸುರೇಶನ ಕೈಗೂ ಇದು ಮೊದಲು ತಲುಪಿರುತ್ತದೆ. ಅಪ್ಪ ಮರೆತಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ, ಎದೆ ಸೀಳುವುದು ನಾಳೆ ಎಂದು ಗೊತ್ತಿದ್ದೂ, ಅವರು ಕೂತು ಯೋಚಿಸಿದ್ದು ನಿನ್ನ ಕೈಯ ಬಗ್ಗೆ. ಎಲ್ಲವನ್ನೂ ಸರಿಯಾಗಿ, ಒಂದೂ ಬಿಡದೆ ಹೇಳಿದ್ದರು. ಒಪ್ಪಿಸಿದ್ದು ತಪ್ಪು ಕೈಗೆ, ಅಷ್ಟೇ.

ಕಾನ್ವೆಂಟಿನಲ್ಲಿ ನಮ್ಮ ಜೊತೆಯ ಕ್ಯಾಥೊಲಿಕ್ ಹುಡುಗಿಯರು ಪಾಪನಿವೇದನೆಗೆ ಸಾಲು ನಿಲ್ಲುತ್ತಿದ್ದ ದಿನ, ನಾವು ಹಿಂದೂ ಹುಡುಗಿಯರು ಹೊರಗಿನ ಬೆಂಚಿನಲ್ಲಿ ಮಾರಲ್ ಸೈನ್ಸ್ ಪುಸ್ತಕ ಹಿಡಿದು ಕೂರಬೇಕಿತ್ತು. ಮಾಡಬಾರದ್ದನ್ನು ಮಾಡುವುದು ಒಂದು ಪಾಪ, ಮಾಡಬೇಕಾದ್ದನ್ನು ಬಿಡುವುದು ಇನ್ನೊಂದು ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಒಳಗೆ ಹೋಗಿ ಬಂದವರ ಮುಖ ಹಗುರವಾಗಿರುತ್ತಿತ್ತು. ನನಗೆ ಅವರ ಮೇಲೂ ಹೊಟ್ಟೆಕಿಚ್ಚಿತ್ತು. ಈಗ ನನಗೆ ಆ ಹಗುರ ಬೇಡ. ನೀನು ಕ್ಷಮಿಸುವುದೂ ಬೇಡ. ನೀನು ಅಪ್ಪನನ್ನು ನೆನೆಯುವಾಗ ಅವರ ಮುಗಿದ ಕೈ ನಿನ್ನ ಕಣ್ಣ ಮುಂದೆ ಬರುತ್ತದೆ ಅಂದಿದ್ದೆಯಲ್ಲ — ಆ ಕೈಗಳನ್ನು ಇಳಿಸಿಬಿಡು, ಶೈಲಾ. ಮುಗಿಯಬೇಕಾದ ಕೈ ಅವಲ್ಲ.

ಆ ಸಂಜೆಯದು ಒಂದು ಉಳಿದಿದೆ.

ಶ್ರೀಧರ ನಿನ್ನ ಸೂಟ್‌ಕೇಸ್ ಕಾರಿಗೆ ಹಾಕಿದರು. ಬ್ರೀಡಾ ತನ್ನ ಗೇಟಿನ ಬಳಿ ಕಸದ ಬಿನ್ ಎಳೆಯುತ್ತಿದ್ದವಳು ಬಂದು ನಿನ್ನ ಕೈ ಕುಲುಕಿದಳು. ನೀವು ಹೊರಟಿರಿ. ನಾನು ಪಾತ್ರೆ ತೊಳೆದೆ, ನಿನಗೆ ಹಿಡಿಸದ ನನ್ನ ಅಳತೆಯ ಬಳೆಗಳನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟೆ. ಏರ್‌ಪೋರ್ಟಿನಿಂದ ಶ್ರೀಧರ ಫೋನ್ ಮಾಡಿದರು.

"ಇನ್ನೂ ಒಳಗೆ ಹೋಗಿಲ್ಲ, ಇಲ್ಲೇ ಪಕ್ಕದಲ್ಲಿದ್ದಾಳೆ. ಏನಾದ್ರೂ ಹೇಳ್ಬೇಕಾ?"

ಟ್ಯೂಲಿಪ್ ಹೂವನ್ನು ನೀರಿಗಿಡುತ್ತಿದ್ದೆ. ಒಂದರ ದಂಟು ಬಾಗಿತ್ತು. ಅದನ್ನು ನೆಟ್ಟಗೆ ಮಾಡಲು ನೋಡಿದೆ.

"ಏನಿಲ್ಲ. ಹುಷಾರಾಗಿ ಹೋಗು ಅಂತ ಹೇಳಿ."

ಆಮೇಲೆ ಬಿನ್ ಹೊರಗಿಡಲು ಹೋದೆ. ಇನ್ನೂ ಬೆಳಕಿತ್ತು. ಮೋಟು ಗೋಡೆಯ ಆಚೆ ಬ್ರೀಡಾ ನಾಯಿಯ ಹಗ್ಗ ಹಿಡಿದು ನಿಂತಿದ್ದಳು. ನಾಳೆ ಕಸದ ಗಾಡಿಗೆ ಇಡುವುದು ಕಂದು ಬಿನ್ನೋ ಹಸಿರು ಬಿನ್ನೋ ಎಂದು ಕೇಳಿದಳು. ಕಂದು ಎಂದೆ. ಅವಳು ಒಳಗೆ ತಿರುಗಿದವಳು, ಏನೋ ನೆನಪಾದವಳ ಹಾಗೆ ಅರ್ಧಕ್ಕೇ ನಿಂತು, ತನ್ನ ಇಂಗ್ಲಿಷಿನಲ್ಲಿ ಅಂದಳು:

"ಗ್ರ್ಯಾಂಡ್ ಹುಡುಗಿ ಕಣೇ ನಿನ್ನ ಆ ಡಾಕ್ಟರು. ಆದ್ರೆ ದೇವ್ರೇ, ಎಂಥ ಪುಟ್ಟ ಕೈ ಅವಳದು! ಕುಲುಕಿದ್ರೆ ಗುಬ್ಬಚ್ಚಿ ಹಿಡಿದ ಹಾಗಾಯ್ತು — ಎಲ್ಲಿ ಮುರಿದುಬಿಡ್ತೀನೋ ಅಂತ ನಂಗೇ ಭಯ ಆಯ್ತು."